ಕಂಪ್ಯೂಟರಿನಲ್ಲಿ ಧ್ವನಿ ಮುದ್ರಿಸುವವರಿಗೆ ಸ್ಯಾಂಪಲ್ ರೇಟ್ ಮಾರ್ಗದರ್ಶಿ

ಯಾವ ಸ್ಯಾಂಪಲ್ ರೇಟ್‌ನಲ್ಲಿ ಮುದ್ರಿಸಬೇಕು ಎಂಬ ಪ್ರಶ್ನೆಗೆ ಚಿಕ್ಕ ಉತ್ತರ ಸಾಕು ಎನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ: 48 ಕಿಲೋಹರ್ಟ್ಸ್, 24 ಬಿಟ್. ಮನೆಯ ಕೋಣೆಯಲ್ಲಿ ಪಾಡ್‌ಕಾಸ್ಟ್ ಮಾಡುವವರು, ಯೂಟ್ಯೂಬ್‌ಗೆ ವಿಡಿಯೊ ಹಾಕುವವರು, ಸಂಗೀತದ ಪಾಠವನ್ನು ಮುದ್ರಿಸಿ ಶಿಷ್ಯರಿಗೆ ಕಳುಹಿಸುವವರು, ತಾತನ ಕಾಲದ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವವರು, ಇವರಲ್ಲಿ ಹೆಚ್ಚಿನವರ ಅಗತ್ಯ ಅಷ್ಟರಲ್ಲೇ ತೀರುತ್ತದೆ. ಆದರೆ ಸೆಟ್ಟಿಂಗ್‌ನಲ್ಲಿ ಆ ಸಂಖ್ಯೆ ಆರಿಸಿದ ಮಾತ್ರಕ್ಕೆ ಸೌಂಡ್ ಕಾರ್ಡ್ ಅದೇ ದರದಲ್ಲಿ ಮುದ್ರಿಸುತ್ತಿದೆ ಎಂಬ ಖಾತ್ರಿ ಇಲ್ಲ. ಕಾರ್ಡು, ಆಪರೇಟಿಂಗ್ ಸಿಸ್ಟಂ, ಮುದ್ರಣದ ತಂತ್ರಾಂಶ, ಈ ಮೂರೂ ತಮ್ಮ ತಮ್ಮ ದರ ಇಟ್ಟುಕೊಂಡಿರುತ್ತವೆ. ಅವು ಒಂದಕ್ಕೊಂದು ಹೊಂದದಿದ್ದಾಗ ಧ್ವನಿ ಕೆಡುತ್ತದೆ, ಎಷ್ಟೋ ಸಲ ನಮಗೆ ತಿಳಿಯದಂತೆ ಕೆಡುತ್ತದೆ. ಸರಿಯಾದ ದರವನ್ನು ಆರಿಸುವುದು ಅರ್ಧ ಕೆಲಸ. ಆರಿಸಿದ್ದು ಮೈಕ್‌ನಿಂದ ಕಡತದವರೆಗೆ ಹಾಗೆಯೇ ಉಳಿದಿದೆಯೇ ಎಂದು ಪರೀಕ್ಷಿಸುವುದು ಉಳಿದರ್ಧ. ಎರಡನೆಯದನ್ನು ಬಹಳ ಮಂದಿ ಮಾಡುವುದಿಲ್ಲ, ಆದ್ದರಿಂದ ಇಲ್ಲಿ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಈ ಸಂಖ್ಯೆ ಅಳೆಯುವುದು ಏನನ್ನು?

ಮೈಕ್‌ನಿಂದ ಬರುವ ವಿದ್ಯುತ್ ಸಂಕೇತ ಎಡೆಬಿಡದೆ ಏರಿಳಿಯುತ್ತಿರುತ್ತದೆ. ಸೌಂಡ್ ಕಾರ್ಡ್ ಅದರ ಮಟ್ಟವನ್ನು ಸಮಾನ ಅಂತರದಲ್ಲಿ ಅಳೆದು ಸಂಖ್ಯೆಗಳಾಗಿ ಬರೆದಿಡುತ್ತದೆ. ಒಂದೊಂದು ಅಳತೆಯೂ ಒಂದು ಸ್ಯಾಂಪಲ್. ಸೆಕೆಂಡಿಗೆ ಎಷ್ಟು ಅಳತೆ ಎನ್ನುವುದು ಸ್ಯಾಂಪಲ್ ರೇಟ್. 48 ಕಿಲೋಹರ್ಟ್ಸ್ ಎಂದರೆ ಸೆಕೆಂಡಿಗೆ 48,000 ಅಳತೆಗಳು. ಒಂದೊಂದು ಅಳತೆಯನ್ನು ಎಷ್ಟು ಸೂಕ್ಷ್ಮವಾಗಿ ಬರೆದಿಡಲಾಗುತ್ತದೆ ಎನ್ನುವುದನ್ನು ಬಿಟ್ ಸಂಖ್ಯೆ ಹೇಳುತ್ತದೆ.

ಎರಡು ಅಳತೆಗಳ ನಡುವೆ ನಡೆದದ್ದು ಕಳೆದುಹೋಗುತ್ತದೆಯಲ್ಲವೇ ಎಂಬ ಅನುಮಾನ ಸಹಜ. ಚುಕ್ಕಿಗಳು ಹೆಚ್ಚಿದಷ್ಟೂ ರೇಖೆ ನಯವಾಗುತ್ತದೆ, ಹಾಗಾಗಿ 96 ಎಂಬುದು 48ಕ್ಕಿಂತ ಎರಡರಷ್ಟು ಚೆನ್ನ ಎಂದು ಅನೇಕರು ನಂಬಿರುವುದೂ ಇದರಿಂದಲೇ. ಗಣಿತ ಬೇರೆಯದನ್ನು ಹೇಳುತ್ತದೆ. ಎಂಜಿನಿಯರ್ ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಟೆಲಿಗ್ರಾಫ್ ಸಂಕೇತಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಇದರ ಬೀಜವಿದೆ. ಗಣಿತಜ್ಞ ಕ್ಲಾಡ್ ಶಾನನ್ 1949ರಲ್ಲಿ ಅದನ್ನು ಪ್ರಮೇಯವಾಗಿ ಮಂಡಿಸಿದರು. ಸಂಕೇತದಲ್ಲಿರುವ ಅತಿ ಹೆಚ್ಚಿನ ಆವರ್ತನದ (ಸೆಕೆಂಡಿಗೆ ಎಷ್ಟು ಕಂಪನ ಎನ್ನುವುದರ) ಎರಡರಷ್ಟಕ್ಕಿಂತ ಹೆಚ್ಚು ದರದಲ್ಲಿ ಅಳೆದರೆ, ಆ ಅಳತೆಗಳಿಂದಲೇ ಮೂಲ ಅಲೆಯನ್ನು ಮರಳಿ ಕಟ್ಟಬಹುದು, ಅದೂ ಪೂರ್ಣವಾಗಿ. ಅಳತೆಗಳ ನಡುವಿನ ವಕ್ರರೇಖೆ ಒಂದೇ ಒಂದು ರೀತಿಯಲ್ಲಿ ಇರಲು ಸಾಧ್ಯ. ಆರೋಗ್ಯವಂತ ಎಳೆಯ ಕಿವಿ ಸುಮಾರು 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ ಕೇಳುತ್ತದೆ, ವಯಸ್ಸಾದಂತೆ ಮೇಲಿನ ಮಿತಿ ಇಳಿಯುತ್ತದೆ. ಹೀಗಾಗಿ 40 ಕಿಲೋಹರ್ಟ್ಸ್‌ಗಿಂತ ಸ್ವಲ್ಪ ಮೇಲಿನ ಯಾವ ದರವೂ ಮನುಷ್ಯ ಕೇಳಬಲ್ಲ ಎಲ್ಲವನ್ನೂ ಹಿಡಿಯುತ್ತದೆ.

ದರದ ಅರ್ಧಕ್ಕಿಂತ ಮೇಲಿನ ಆವರ್ತನವೇನಾದರೂ ಒಳಗೆ ನುಸುಳಿದರೆ ಮಾತ್ರ ತೊಂದರೆ. ಅದು ಸುಮ್ಮನೆ ಬಿದ್ದುಹೋಗುವುದಿಲ್ಲ, ಕೆಳಕ್ಕೆ ಮಡಚಿಕೊಂಡು ಬೇರೊಂದು ಸ್ವರವಾಗಿ ಕೇಳಿಸುತ್ತದೆ. ಸಿನಿಮಾದಲ್ಲಿ ವೇಗವಾಗಿ ಓಡುವ ಗಾಡಿಯ ಚಕ್ರ ಹಿಂದಕ್ಕೆ ಸುತ್ತುವಂತೆ ಕಾಣುವುದು ಇದೇ ಕಾರಣಕ್ಕೆ. 44.1 ಕಿಲೋಹರ್ಟ್ಸ್ ದರದಲ್ಲಿ 25 ಕಿಲೋಹರ್ಟ್ಸ್‌ನ ಸ್ವರ ಒಳಬಂದರೆ 19.1ರಲ್ಲಿ ಹುಸಿ ಸ್ವರ ಹುಟ್ಟುತ್ತದೆ. 8 ಕಿಲೋಹರ್ಟ್ಸ್ ದರದಲ್ಲಿ 5 ಕಿಲೋಹರ್ಟ್ಸ್‌ನದು 3ಕ್ಕೆ ಬಂದು ಕೂರುತ್ತದೆ. ಒಮ್ಮೆ ಮುದ್ರಣದಲ್ಲಿ ಬೆರೆತರೆ ಅದನ್ನು ಬೇರ್ಪಡಿಸುವ ದಾರಿಯಿಲ್ಲ. ಇದಕ್ಕೆ ಏಲಿಯಾಸಿಂಗ್ ಎನ್ನುತ್ತಾರೆ. ಇದನ್ನು ತಡೆಯಲು ಅಳತೆಗೆ ಮುನ್ನವೇ ಮೇಲಿನ ಆವರ್ತನಗಳನ್ನು ಸೋಸಬೇಕು. ಈಗಿನ ಪರಿವರ್ತಕ ಚಿಪ್‌ಗಳು ಒಳಗೆ ಬಹಳ ಹೆಚ್ಚಿನ ದರದಲ್ಲಿ ಅಳೆದು, ಅಲ್ಲಿಯೇ ಡಿಜಿಟಲ್ ಆಗಿ ಸೋಸಿ, ನಾವು ಕೇಳಿದ ದರಕ್ಕೆ ಇಳಿಸಿ ಕೊಡುತ್ತವೆ. 48ರ 128 ಪಟ್ಟು ಅಳೆಯುವ ಚಿಪ್ ಎಂದರೆ ಸೆಕೆಂಡಿಗೆ 61,44,000 ಅಳತೆಗಳು. ಆದ್ದರಿಂದ, ಒಳ್ಳೆಯ ಕಾರ್ಡಿನಲ್ಲಿ 44.1 ಮತ್ತು 48 ಎರಡೂ ಶುಚಿಯಾಗಿಯೇ ಬರುತ್ತವೆ.

44.1 ಎಲ್ಲಿಂದ ಬಂತು, 48 ಏಕೆ ಉಳಿಯಿತು

ಆರಂಭದ ಡಿಜಿಟಲ್ ಧ್ವನಿಯನ್ನು ವಿಡಿಯೊ ಟೇಪಿನ ಮೇಲೆ ಸಂಗ್ರಹಿಸುತ್ತಿದ್ದರು. ಚಿತ್ರದ ಒಂದು ಗೆರೆಗೆ ಮೂರು ಸ್ಯಾಂಪಲ್ ಲೆಕ್ಕ. ಅಮೆರಿಕ, ಜಪಾನ್‌ಗಳ ಸೆಕೆಂಡಿಗೆ 60 ಫೀಲ್ಡ್ (ಅರ್ಧ ಚಿತ್ರ) ತೋರಿಸುವ ವ್ಯವಸ್ಥೆಯಲ್ಲಿ ಬಳಸಬಹುದಾದ 245 ಗೆರೆಗಳು, ನಮ್ಮಲ್ಲಿರುವಂತಹ 50 ಫೀಲ್ಡ್ ವ್ಯವಸ್ಥೆಯಲ್ಲಿ 294. ಗುಣಿಸಿ ನೋಡಿ: ಎರಡರಲ್ಲೂ 44,100 ಬರುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ಇದೇ ದರವನ್ನು ಮುಂದುವರಿಸಿತು.

48 ಸಿನಿಮಾ ಮತ್ತು ಪ್ರಸಾರದ ದರ. ಸೆಕೆಂಡಿಗೆ 24 ಚೌಕಟ್ಟಿನ ಚಿತ್ರದಲ್ಲಿ ಒಂದು ಚೌಕಟ್ಟಿಗೆ ಸರಿಯಾಗಿ 2,000 ಸ್ಯಾಂಪಲ್, 25ರಲ್ಲಿ 1,920. ಅದೇ 44.1 ಇಟ್ಟರೆ 24 ಚೌಕಟ್ಟಿನ ಚಿತ್ರಕ್ಕೆ 1,837.5 ಎಂಬ ಮುರುಕು ಲೆಕ್ಕ ಬರುತ್ತದೆ. ಗಾಂಧಿನಗರದ ಸಿನಿಮಾ ಚಿತ್ರಮಂದಿರಕ್ಕೆ ಹೋಗುವ ಡಿಜಿಟಲ್ ರೂಪದಲ್ಲಿ ಧ್ವನಿ 48 ಅಥವಾ 96ರಲ್ಲಿ ಇರುತ್ತದೆ. ಯೂಟ್ಯೂಬ್ ಕೂಡ 48ನ್ನು ಶಿಫಾರಸು ಮಾಡುತ್ತದೆ. ಅಂತರ್ಜಾಲದಲ್ಲಿ ಧ್ವನಿ ಸಾಗಿಸಲು ಈಗ ವ್ಯಾಪಕವಾಗಿ ಬಳಕೆಯಲ್ಲಿರುವ ಓಪಸ್ ವಿಧಾನವೂ 48ರ ಲೆಕ್ಕದಲ್ಲಿ ನಡೆಯುತ್ತದೆ. ನಾನು 48 ಎಂದು ಒತ್ತಿ ಹೇಳುವುದು ಅದು 44.1ಕ್ಕಿಂತ ಇಂಪಾಗಿದೆ ಎಂದಲ್ಲ. ಇಂದು ಹೆಚ್ಚಿನ ದಾರಿಗಳು ಅಲ್ಲಿಗೇ ಸೇರುತ್ತವೆ.

ಮೊದಲ ಹೆಜ್ಜೆ: ಮುದ್ರಿಸುವುದೇನು, ಅದು ಹೋಗುವುದೆಲ್ಲಿಗೆ

ಮಾತು. ದೂರವಾಣಿ ಬಹುಕಾಲ 8 ಕಿಲೋಹರ್ಟ್ಸ್ ದರದಲ್ಲಿ, 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ ಸಾಗಿಸಿತು. ಸ್ವರಾಕ್ಷರಗಳಿಗೆ ಅದು ಸಾಕು, ಊಷ್ಮಾಕ್ಷರಗಳಿಗೆ ಸಾಲದು. ‘ಸ’ಕಾರದ ಶಕ್ತಿಯ ಬಹುಭಾಗ 4 ಕಿಲೋಹರ್ಟ್ಸ್‌ಗಿಂತ ಮೇಲಿದೆ. ಹಾಗಾಗಿ ಹಳೆಯ ಫೋನಿನಲ್ಲಿ ‘ಸ’ ಮತ್ತು ‘ಫ’ ಬೇರೆಯಾಗಿ ಕೇಳಿಸುವುದು ಕಷ್ಟ. ಹೆಸರನ್ನು ಅಕ್ಷರ ಬಿಡಿಸಿ ಹೇಳಬೇಕಾದ ಅನುಭವ ಎಲ್ಲರಿಗೂ ಇದೆ. 16 ಕಿಲೋಹರ್ಟ್ಸ್ ದರದಲ್ಲಿ ಮಾತು ಸ್ಪಷ್ಟವಾಗುತ್ತದೆ, ಮಾತನ್ನು ಬರಹಕ್ಕಿಳಿಸುವ ಕಂಪ್ಯೂಟರ್ ವ್ಯವಸ್ಥೆಗಳು ಸಾಮಾನ್ಯವಾಗಿ ಕೇಳುವುದೂ ಇದನ್ನೇ. ಹಾಗೆಂದು 16ರಲ್ಲೇ ಮುದ್ರಿಸಬೇಡಿ. 48ರಲ್ಲಿ ಮುದ್ರಿಸಿ, 48ನ್ನು ಮೂರರಿಂದ ಭಾಗಿಸಿದರೆ 16, ಇಳಿಸುವುದು ಸಲೀಸು. ಮೂಲದಲ್ಲೇ ಇಲ್ಲದ ‘ಸ’ಕಾರವನ್ನು ಆಮೇಲೆ ತರಲಾಗುವುದಿಲ್ಲ.

ಸಂಗೀತ. ಹಾಡುಗಾರಿಕೆ, ವೀಣೆ, ಪಿಟೀಲು, ಕೊಳಲು, ಮೃದಂಗ, ಎಲ್ಲಕ್ಕೂ 48 ಸಾಕು. ತಾಳ, ಜಾಗಟೆ, ಮೋರ್ಸಿಂಗ್‌ನಂತಹ ಲೋಹವಾದ್ಯಗಳು 20 ಕಿಲೋಹರ್ಟ್ಸ್‌ಗಿಂತ ಮೇಲೂ ಶಕ್ತಿ ಚೆಲ್ಲುತ್ತವೆ. ಆ ಭಾಗ ಕಿವಿಗೆ ಬೀಳುವುದಿಲ್ಲವಾದ್ದರಿಂದ ಕೇಳುವ ಮುದ್ರಿಕೆಗೆ ಅದರ ಹಂಗಿಲ್ಲ. ಸಿ.ಡಿ.ಯಾಗಿಯೇ ಹೊರಬರುವುದು ಖಚಿತವಾಗಿದ್ದರೆ 44.1ರಲ್ಲೇ ಆರಂಭಿಸಿ ಮುಗಿಸಿ. ಆಡಿಯೊ ಪುಸ್ತಕದ ಕೆಲವು ವೇದಿಕೆಗಳೂ 44.1ರ ಎಂಪಿ3 ಕಡತವನ್ನೇ ಕೇಳುತ್ತವೆ. ಕೆಲಸ ಒಪ್ಪಿಕೊಳ್ಳುವ ಮುನ್ನ ಅವರ ನಿಯಮವನ್ನು ಓದಿ, ಅದಕ್ಕೆ ತಕ್ಕಂತೆ ಮೊದಲಿನಿಂದಲೂ ನಡೆಯಿರಿ.

ಹಳೆಯ ಕ್ಯಾಸೆಟ್ ಮತ್ತು ಗ್ರಾಮಫೋನ್ ತಟ್ಟೆಗಳು. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ವಿಶೇಷ ಮಹತ್ವವಿದೆ ಎಂದು ನಾನು ನಂಬುತ್ತೇನೆ. ರಾಮನವಮಿಯ ಚಪ್ಪರದಲ್ಲಿ, ಗಾಯನ ಸಮಾಜದಲ್ಲಿ, ಬಡಾವಣೆಯ ಗಣೇಶೋತ್ಸವದಲ್ಲಿ ಕೇಳುಗರು ಮುದ್ರಿಸಿಕೊಂಡ ಕಚೇರಿಗಳು ಇನ್ನೂ ಎಷ್ಟೋ ಮನೆಗಳ ಅಟ್ಟದ ಮೇಲಿವೆ, ಅವುಗಳ ಟೇಪು ವರ್ಷ ವರ್ಷವೂ ಸವೆಯುತ್ತಿದೆ. ಸಾಮಾನ್ಯ ಕ್ಯಾಸೆಟ್‌ನಲ್ಲಿ ಸುಮಾರು 15 ಕಿಲೋಹರ್ಟ್ಸ್‌ಗಿಂತ ಮೇಲೆ ಸಂಗೀತ ಸಿಗುವುದು ಅಪರೂಪ, ಆದ್ದರಿಂದ ಮನೆಮಟ್ಟದಲ್ಲಿ 48 ಕಿಲೋಹರ್ಟ್ಸ್, 24 ಬಿಟ್ ಧಾರಾಳ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವಾದ ಐಎಎಸ್‌ಎಯ ಮಾರ್ಗಸೂಚಿ ಕನಿಷ್ಠ ಎಂದು ಹೇಳುವುದೂ ಇದನ್ನೇ. ಶಾಶ್ವತ ಸಂಗ್ರಹಕ್ಕೆ 96 ಬಳಸುವ ರೂಢಿ ಇದೆ. ಟೇಪು ಒಂದೇ ಬಾರಿ ಓಡುವಷ್ಟು ಜೀರ್ಣವಾಗಿದ್ದರೆ ನಾನೂ 96ನ್ನೇ ಆರಿಸುವೆ. ಗಿಜಿಗುಟ್ಟುವ ಸದ್ದು, ಟಿಕ್‌ ಎನ್ನುವ ಗೀರುಗಳನ್ನು ತೆಗೆಯುವ ತಂತ್ರಾಂಶಕ್ಕೆ ಆ ಹೆಚ್ಚುವರಿ ವಿವರ ನೆರವಾಗುತ್ತದೆ.

ಕಿವಿಗೆ ಮೀರಿದ್ದು. ಸಂಜೆ ಲಾಲ್‌ಬಾಗ್‌ನಂತಹ ಕಡೆ ಕೀಟ ಹಿಡಿಯುವ ಬಾವಲಿಗಳ ಕರೆಯನ್ನು ಮುದ್ರಿಸಬೇಕೆಂದರೆ 48 ಏನೂ ಪ್ರಯೋಜನವಿಲ್ಲ. ಆ ಕರೆಗಳು 20 ಕಿಲೋಹರ್ಟ್ಸ್‌ಗಿಂತ ಬಹಳ ಮೇಲಿರುತ್ತವೆ, 192 ಅಥವಾ ಇನ್ನೂ ಹೆಚ್ಚಿನ ದರ ಬೇಕು. ಆ ಆವರ್ತನವನ್ನು ಹಿಡಿಯುವ ಮೈಕ್ ಸಹ ಬೇಕು, ಹಾಡಿನ ಮೈಕ್ ಅಲ್ಲಿಗೆ ತಲುಪುವುದಿಲ್ಲ. ಸದ್ದನ್ನು ನಾಲ್ಕಾರು ಪಟ್ಟು ನಿಧಾನಗೊಳಿಸಿ ಹೊಸ ಧ್ವನಿ ಸೃಷ್ಟಿಸುವ ಸಿನಿಮಾ ಕೆಲಸಗಾರರಿಗೂ ಹೆಚ್ಚಿನ ದರ ನಿಜವಾಗಿ ಉಪಯುಕ್ತ.

ಎರಡನೆಯ ಹೆಜ್ಜೆ: ನಿಮ್ಮ ಕಾರ್ಡಿಗೆ ಏನು ಸಾಧ್ಯ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಬೆರಳುದ್ದದ ಯುಎಸ್‌ಬಿ ಸೌಂಡ್ ಕಾರ್ಡುಗಳಲ್ಲಿ ಹೆಚ್ಚಿನವು 44.1 ಮತ್ತು 48 ಎರಡನ್ನೇ ಬಲ್ಲವು, ಅದೂ 16 ಬಿಟ್‌ನಲ್ಲಿ, ಮೈಕ್‌ಗೆ ಒಂದೇ ಚಾನೆಲ್. ಪೊಟ್ಟಣದ ಮೇಲೆ ‘7.1’ (ಎಂಟು ಸ್ಪೀಕರ್‌ಗಳ ಧ್ವನಿ) ಎಂದು ಮುದ್ರಿಸಿದ್ದರೂ ಮುದ್ರಣಕ್ಕೆ ಅದರಿಂದ ಏನೂ ಆಗುವುದಿಲ್ಲ. ಮಾತಿಗೆ ಇವು ಸಾಲುತ್ತವೆ. ಎರಡು ಚಾನೆಲ್ ಕ್ಯಾಸೆಟ್ ಇಳಿಸಲು ಇವುಗಳ ಮೈಕ್ ತೂತಿಗೆ ತಂತಿ ಸಿಕ್ಕಿಸಿದರೆ ಎಡ ಬಲ ಎರಡೂ ಒಂದಾಗಿ ಹೋಗುತ್ತವೆ ಅಥವಾ ಒಂದು ಬಿಟ್ಟೇ ಹೋಗುತ್ತದೆ. ಆ ಕೆಲಸಕ್ಕೆ ಲೈನ್ ಇನ್‌ಪುಟ್ ಇರುವ ಕಾರ್ಡನ್ನೇ ಕೇಳಿ ಕೊಳ್ಳಿ.

ಹಳೆಯ ಕಂಪ್ಯೂಟರ್ ಇಟ್ಟುಕೊಂಡಿರುವವರು ಒಂದು ವಿಷಯ ತಿಳಿದಿರಬೇಕು. 1997ರಲ್ಲಿ ಬಂದ ಎಸಿ97 ಮಾದರಿಯ ಕಾರ್ಡುಗಳ ಮೂಲ ದರ 48. ಅನೇಕ ಕಾರ್ಡುಗಳಲ್ಲಿ 44.1 ಆರಿಸಿದರೆ ಅವು 48ರಲ್ಲೇ ಅಳೆದು, ನಡುವೆ ಲೆಕ್ಕ ಹಾಕಿ, 44.1 ಮಾಡಿ ಕೊಡುತ್ತಿದ್ದವು. 48ರಿಂದ 44.1ಕ್ಕೆ ಬರುವ ಅನುಪಾತ 160ಕ್ಕೆ 147. ಅಗ್ಗದ ಚಿಪ್ ಈ ಲೆಕ್ಕವನ್ನು ಅವಸರದಲ್ಲಿ ಮಾಡಿ ಧ್ವನಿಗೆ ಒರಟುತನ ಸೇರಿಸುತ್ತಿತ್ತು. ಅಂತಹ ಕಾರ್ಡಿನಲ್ಲಿ ಸಿ.ಡಿ.ಗೆಂದು ಮುದ್ರಿಸುವಾಗಲೂ 48 ಇಟ್ಟು, ಒಳ್ಳೆಯ ತಂತ್ರಾಂಶದಲ್ಲಿ ಕೊನೆಗೆ 44.1ಕ್ಕೆ ಇಳಿಸುವುದು ಮೇಲು. ಕಾರ್ಡಿನ ಸಹಜ ದರದಲ್ಲೇ ಮುದ್ರಿಸು ಎಂಬ ಹಳೆಯ ಸಲಹೆಯ ಹಿಂದಿನ ಕಾರಣ ಇದು. 2004ರ ನಂತರದ ಹೈ ಡೆಫಿನಿಷನ್ ಆಡಿಯೊ ಮಾದರಿ 192ರವರೆಗೆ ಅವಕಾಶ ಕೊಟ್ಟಿತು. ಈಗಿನ ಯುಎಸ್‌ಬಿ ಇಂಟರ್‌ಫೇಸ್‌ಗಳಲ್ಲಿ (ಮೈಕ್ ಸಿಕ್ಕಿಸುವ ಹೊರಗಿನ ಸೌಂಡ್ ಕಾರ್ಡುಗಳಲ್ಲಿ) ಬಹಳಷ್ಟು 44.1, 88.2 ಮತ್ತು 48, 96 ಎಂಬ ಎರಡೂ ಕುಟುಂಬಗಳನ್ನು ನೇರವಾಗಿಯೇ ಅಳೆಯುತ್ತವೆ.

ಬ್ಲೂಟೂತ್ ಹೆಡ್‌ಸೆಟ್ ಮೈಕ್‌ನಿಂದ ಮುದ್ರಿಸುತ್ತಿದ್ದರೆ ಇಲ್ಲಿಯವರೆಗಿನ ಯಾವ ಮಾತೂ ಅನ್ವಯಿಸದು. ಮೈಕ್ ತೆರೆದ ಕ್ಷಣ ಅದು ಸಾಮಾನ್ಯವಾಗಿ ಕರೆಯ ಸ್ಥಿತಿಗೆ ಜಾರುತ್ತದೆ, ಆಗ ದರ 8 ಅಥವಾ 16 ಕಿಲೋಹರ್ಟ್ಸ್. ತಂತ್ರಾಂಶದಲ್ಲಿ 48 ಎಂದೇ ಕಾಣಿಸುತ್ತಿರುತ್ತದೆ. ತಂತಿಯಿರುವ ಸಾಧಾರಣ ಮೈಕ್ ಇದಕ್ಕಿಂತ ಎಷ್ಟೋ ಪಾಲು ಉತ್ತಮ.

ಮೂರನೆಯ ಹೆಜ್ಜೆ: ಮೂರೂ ಕಡೆ ಒಂದೇ ದರ

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ಸೌಂಡ್, ಮೋರ್ ಸೌಂಡ್ ಸೆಟ್ಟಿಂಗ್ಸ್ ಎಂಬ ದಾರಿ ಹಿಡಿಯಿರಿ. ರೆಕಾರ್ಡಿಂಗ್ ವಿಭಾಗದಲ್ಲಿ ನಿಮ್ಮ ಮೈಕ್ ಆರಿಸಿ ಪ್ರಾಪರ್ಟೀಸ್, ಅಲ್ಲಿಂದ ಅಡ್ವಾನ್ಸ್‌ಡ್. ಡೀಫಾಲ್ಟ್ ಫಾರ್ಮ್ಯಾಟ್ ಎಂಬ ಪಟ್ಟಿಯಲ್ಲಿ 24 ಬಿಟ್, 48000 ಹರ್ಟ್ಸ್ ಆರಿಸಿ. ಪ್ಲೇಬ್ಯಾಕ್ ವಿಭಾಗದಲ್ಲೂ ಅದೇ 48000 ಇರಲಿ. ಪಟ್ಟಿಯಲ್ಲಿ ದರಗಳ ಪಕ್ಕ ಸಿ.ಡಿ. ಕ್ವಾಲಿಟಿ, ಡಿ.ವಿ.ಡಿ. ಕ್ವಾಲಿಟಿ, ಸ್ಟುಡಿಯೊ ಕ್ವಾಲಿಟಿ ಎಂದು ಬರೆದಿರುತ್ತದೆ. ಆ ಹೆಸರುಗಳನ್ನು ಗುಣಮಟ್ಟದ ಮೆಟ್ಟಿಲುಗಳೆಂದು ಓದಬೇಡಿ, ಸಂಖ್ಯೆಯನ್ನು ಮಾತ್ರ ನೋಡಿ. ಆಡಿಯೊ ಎನ್‌ಹಾನ್ಸ್‌ಮೆಂಟ್ಸ್ ಎಂಬುದನ್ನು ತಪ್ಪದೆ ಆಫ್ ಮಾಡಿಬಿಡಿ. ಗದ್ದಲ ಕಡಿಮೆ ಮಾಡುವ ಕೆಲವು ಸೌಲಭ್ಯಗಳು ಮಾತಿಗಷ್ಟೇ ಹೊಂದಿಕೊಂಡಿದ್ದು, ಧ್ವನಿಯ ಮೇಲ್ಭಾಗವನ್ನು ಕತ್ತರಿಸುತ್ತವೆ, ತಂಬೂರಿಯ ನಾದವನ್ನೇ ಗದ್ದಲವೆಂದು ತಿಳಿದು ಅಳಿಸುತ್ತವೆ.

ಮ್ಯಾಕ್‌ನಲ್ಲಿ ಯುಟಿಲಿಟೀಸ್ ಒಳಗಿನ ಆಡಿಯೊ ಮಿಡಿ ಸೆಟಪ್ ತೆರೆದು, ಸಾಧನವನ್ನು ಆರಿಸಿ, ಇನ್‌ಪುಟ್ ಮತ್ತು ಔಟ್‌ಪುಟ್ ಎರಡರಲ್ಲೂ ಫಾರ್ಮ್ಯಾಟ್ 48ಕ್ಕೆ ತನ್ನಿ. ಲಿನಕ್ಸ್‌ನಲ್ಲಿ ಧ್ವನಿಯನ್ನು ನಿಭಾಯಿಸಲು ಈಗ ಹೆಚ್ಚಾಗಿ ಪೈಪ್‌ವೈರ್ ಇರುತ್ತದೆ, ಅದರ ಸಹಜ ದರ 48. ಅದಕ್ಕೂ ಹಿಂದಿನ ಪಲ್ಸ್ ಆಡಿಯೊದ ಸಹಜ ದರ 44.1. ಪೈಪ್‌ವೈರ್‌ನಲ್ಲಿ 96 ಬೇಕಿದ್ದರೆ ಅದರ ಸೆಟ್ಟಿಂಗ್ ಕಡತದಲ್ಲಿ ಅನುಮತಿಸಿದ ದರಗಳ ಸಾಲಿಗೆ 96000 ಸೇರಿಸಬೇಕು, ಇಲ್ಲದಿದ್ದರೆ ಎಲ್ಲವೂ 48ಕ್ಕೆ ಪರಿವರ್ತನೆಯಾಗುತ್ತದೆ.

ಇನ್ನು ತಂತ್ರಾಂಶ. ಅಡಾಸಿಟಿ ಎಂಬ ಉಚಿತ ಮುದ್ರಣ ತಂತ್ರಾಂಶದಲ್ಲಿ ಆಡಿಯೊ ಸೆಟ್ಟಿಂಗ್ಸ್ ತೆರೆದು ಪ್ರಾಜೆಕ್ಟ್ ಸ್ಯಾಂಪಲ್ ರೇಟ್ ಮತ್ತು ಡೀಫಾಲ್ಟ್ ಸ್ಯಾಂಪಲ್ ರೇಟ್ ಎರಡನ್ನೂ 48000 ಮಾಡಿ. ಅದು 44100ರಲ್ಲಿ ಇರುವ ಸಾಧ್ಯತೆಯೇ ಹೆಚ್ಚು. ವಿಂಡೋಸ್‌ನಲ್ಲಿ ಹೋಸ್ಟ್ ಎಂಬಲ್ಲಿ ಎಂಎಂಇ (MME) ಬದಲು ವಾಸಾಪಿ (WASAPI) ಆರಿಸಿ, ಎರಡೂ ವಿಂಡೋಸ್ ಧ್ವನಿ ಸಾಗಿಸುವ ಬಗೆಗಳು, 24 ಬಿಟ್ ಮುದ್ರಣಕ್ಕೆ ಅದೇ ದಾರಿ. ಇಂಟರ್‌ಫೇಸ್ ಜೊತೆ ಎಎಸ್‌ಐಒ ಡ್ರೈವರ್ ಬಂದಿದ್ದು, ನಿಮ್ಮ ತಂತ್ರಾಂಶ ಅದನ್ನು ಬಲ್ಲದಾದರೆ, ಅದನ್ನೇ ಬಳಸಿ. ಆಗ ವಿಂಡೋಸ್ ನಡುವೆ ಕೈಹಾಕುವುದಿಲ್ಲ. ಒಬಿಎಸ್ ಬಳಸಿ ನೇರ ಪ್ರಸಾರ ಮಾಡುವವರು ಅದರ ಆಡಿಯೊ ವಿಭಾಗದಲ್ಲೂ 48 ಇದೆಯೇ ಎಂದು ನೋಡಿ. ಮುದ್ರಣದ ಗುಂಡಿ ಒತ್ತಿದಾಗ ಸಾಧನ ತೆರೆಯಲಾಗಲಿಲ್ಲ, ದರ ಪರಿಶೀಲಿಸಿ ಎಂಬ ಸಂದೇಶ ಬಂದರೆ ಗಾಬರಿ ಬೇಡ. ಎರಡು ಕಡೆಯ ದರ ಹೊಂದಿಲ್ಲ ಎಂದು ಅದು ನೇರವಾಗಿ ಹೇಳುತ್ತಿದೆ. ಹೇಳದೆ ಪರಿವರ್ತಿಸುವುದಕ್ಕಿಂತ ಹೀಗೆ ತಡೆಯುವುದೇ ಒಳ್ಳೆಯದು.

ನಾಲ್ಕನೆಯ ಹೆಜ್ಜೆ: ಪರೀಕ್ಷೆ

ಮೊದಲು ಶ್ರುತಿಯ ಪರೀಕ್ಷೆ. ಮೊಬೈಲಿನಲ್ಲಿ 440 ಹರ್ಟ್ಸ್ ಸ್ವರ ನುಡಿಸುವ ಯಾವುದಾದರೂ ಆ್ಯಪ್ ತೆರೆದು ಮೈಕ್ ಬಳಿ ಇಟ್ಟು ಒಂದು ನಿಮಿಷ ಮುದ್ರಿಸಿ. ಆಮೇಲೆ ಅದನ್ನು ನುಡಿಸಿ, ಬೇರೊಂದು ಮೊಬೈಲಿನ ಟ್ಯೂನರ್‌ನಿಂದ ಅಳೆಯಿರಿ. 440 ಬಂದರೆ ಸರಿ. ಸುಮಾರು 479 ಬಂದರೆ 44.1ರಲ್ಲಿ ಅಳೆದದ್ದನ್ನು 48 ಎಂದು ಓದಲಾಗುತ್ತಿದೆ. 404ರ ಆಸುಪಾಸು ಬಂದರೆ ಅದರ ಉಲ್ಟಾ. ಹಾರ್ಮೋನಿಯಂನಲ್ಲಿ ಪಕ್ಕಪಕ್ಕದ ಎರಡು ಕೀಗಳ ನಡುವಿನ ಅಂತರವನ್ನು ಒಂದು ಅರೆಸ್ವರ ಎಂದುಕೊಂಡರೆ, ಈ ತಪ್ಪಿನಿಂದ ಶ್ರುತಿ ಸುಮಾರು ಒಂದೂವರೆ ಅರೆಸ್ವರ ಏರುತ್ತದೆ ಅಥವಾ ಇಳಿಯುತ್ತದೆ. ಏರಿದಾಗ ಒಂದು ಗಂಟೆಯ ಕಚೇರಿ 55 ನಿಮಿಷ 7 ಸೆಕೆಂಡಿಗೆ ಮುಗಿದುಹೋಗುತ್ತದೆ. ಸಂಗೀತಗಾರರ ಕಿವಿಗೆ ಇದು ತಕ್ಷಣ ಚುಚ್ಚುತ್ತದೆ, ಆದರೆ ಮಾತಿನ ಮುದ್ರಣದಲ್ಲಿ ಧ್ವನಿ ಸ್ವಲ್ಪ ತೆಳುವಾಗಿದೆ ಎಂದಷ್ಟೇ ಅನ್ನಿಸಿ ತಪ್ಪಿಸಿಕೊಳ್ಳಬಹುದು.

ಹೀಗಾಗಿದ್ದರೆ ಕಡತ ಹಾಳಾಗಿಲ್ಲ, ಅದರ ಮೇಲಿನ ಚೀಟಿ ಮಾತ್ರ ತಪ್ಪಾಗಿದೆ. ಅಡಾಸಿಟಿಯಲ್ಲಿ ಟ್ರ್ಯಾಕ್‌ನ ಮೆನುವಿನಲ್ಲಿರುವ ರೇಟ್ ಎಂಬುದು ಸ್ಯಾಂಪಲ್‌ಗಳನ್ನು ಮುಟ್ಟದೆ ಈ ಚೀಟಿಯನ್ನಷ್ಟೇ ಬದಲಿಸುತ್ತದೆ, ಅದರಿಂದ ಸರಿಪಡಿಸಬಹುದು. ಟ್ರ್ಯಾಕ್ಸ್ ಮೆನುವಿನ ರಿಸ್ಯಾಂಪಲ್ ಬೇರೆ: ಅದು ಶ್ರುತಿ ಕೆಡದಂತೆ ಸ್ಯಾಂಪಲ್‌ಗಳನ್ನೇ ಹೊಸದಾಗಿ ಲೆಕ್ಕ ಹಾಕುತ್ತದೆ. ಒಂದರ ಬದಲು ಇನ್ನೊಂದನ್ನು ಒತ್ತಿದರೆ ತೊಂದರೆ ಎರಡಾಗುತ್ತದೆ.

ಎರಡನೆಯದು ಬೀಗದ ಕೈಗಳ ಪರೀಕ್ಷೆ, ಹೆಚ್ಚಿನ ದರ ನಿಜವೇ ಎಂದು ತಿಳಿಯಲು. ಒಂದು ಗೊಂಚಲು ಬೀಗದ ಕೈಗಳನ್ನು ಮೈಕ್‌ನಿಂದ ಒಂದು ಗೇಣು ದೂರದಲ್ಲಿ ಅಲುಗಾಡಿಸಿ ಮುದ್ರಿಸಿ, ಟ್ರ್ಯಾಕನ್ನು ಸ್ಪೆಕ್ಟ್ರೋಗ್ರಾಂ (ಆವರ್ತನಗಳನ್ನು ಚಿತ್ರವಾಗಿ ತೋರಿಸುವ) ನೋಟಕ್ಕೆ ತನ್ನಿ. ಲೋಹದ ಗಿಲಕಿ ಬಹಳ ಎತ್ತರದ ಆವರ್ತನದವರೆಗೂ ಹರಡಿರುತ್ತದೆ. 96ರ ಮುದ್ರಣದಲ್ಲಿ ಚಿತ್ರ 22 ಅಥವಾ 24 ಕಿಲೋಹರ್ಟ್ಸ್ ಬಳಿ ಕತ್ತರಿಸಿದಂತೆ ನೇರ ಗೆರೆಯಲ್ಲಿ ನಿಂತಿದ್ದರೆ, ನಡುವೆ ಯಾರೋ 44.1 ಅಥವಾ 48ರಲ್ಲಿ ಅಳೆದು ಉಬ್ಬಿಸಿ ಕೊಡುತ್ತಿದ್ದಾರೆ. 8 ಕಿಲೋಹರ್ಟ್ಸ್ ಬಳಿ ನಿಂತಿದ್ದರೆ ಬ್ಲೂಟೂತ್ ಅಥವಾ ಗದ್ದಲ ತಗ್ಗಿಸುವ ಸೌಲಭ್ಯವನ್ನು ಅನುಮಾನಿಸಿ. ಗೆರೆಯಿಲ್ಲದೆ ಮೆಲ್ಲಗೆ ಮಸುಕಾಗುತ್ತಾ ಹೋದರೆ ಅದು ಮೈಕ್‌ನ ಸಹಜ ಮಿತಿ, ಕಾರ್ಡಿನ ದೋಷವಲ್ಲ. ಈ ಪರೀಕ್ಷೆಗೆ ಕಾಸು ಬೇಕಿಲ್ಲ. ದುಬಾರಿ ಇಂಟರ್‌ಫೇಸ್ ಕೊಂಡವರೂ ಮೊದಲ ದಿನವೇ ಇದನ್ನು ಮಾಡಬೇಕು.

96, 192ಕ್ಕೆ ತೆರಬೇಕಾದ ಬೆಲೆ

24 ಬಿಟ್, ಎರಡು ಚಾನೆಲ್ ಮುದ್ರಣ 48ರಲ್ಲಿ ಗಂಟೆಗೆ ಸುಮಾರು 1.04 ಗಿಗಾಬೈಟ್ ಜಾಗ ತಿನ್ನುತ್ತದೆ. 96ರಲ್ಲಿ 2.07, 192ರಲ್ಲಿ 4.15. ಎರಡೂವರೆ ಗಂಟೆಯ ಕಚೇರಿ 48ರಲ್ಲಿ 2.6 ಗಿಗಾಬೈಟ್ ಆದರೆ 192ರಲ್ಲಿ ಹತ್ತು ದಾಟುತ್ತದೆ. ಜಾಗಕ್ಕಿಂತ ದೊಡ್ಡ ಅಡ್ಡಿ ಬೇರೆ ಇದೆ: ಸಾಮಾನ್ಯ ವೇವ್ ಕಡತ 4 ಗಿಗಾಬೈಟ್ ಗಡಿಯನ್ನು ಮೀರಲಾರದು. 192ರಲ್ಲಿ ಒಂದು ಗಂಟೆ ದಾಟಿದ ಕೂಡಲೇ, 96ರಲ್ಲಿ ಎರಡು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ಆ ಗಡಿ ಬರುತ್ತದೆ. ರಾಗ ತಾನ ಪಲ್ಲವಿಯ ನಡುವೆ ಕಡತ ಒಡೆಯುವುದು ಯಾರಿಗೂ ಬೇಡ. ದೀರ್ಘ ಮುದ್ರಣಕ್ಕೆ ಆರ್‌ಎಫ್64 ಬಗೆಯ ಕಡತ ಆರಿಸಿ, ಇಲ್ಲವೇ ದರ ಇಳಿಸಿ.

ಒಂದು ಲಾಭವನ್ನು ಒಪ್ಪಬೇಕು. ಹಾಡುವಾಗ ತಮ್ಮ ಧ್ವನಿಯನ್ನು ಹೆಡ್‌ಫೋನ್‌ನಲ್ಲಿ ಕೇಳುವವರಿಗೆ ವಿಳಂಬ ಕಡಿಮೆಯಾಗುತ್ತದೆ. 256 ಸ್ಯಾಂಪಲ್‌ನ ಬಫರ್ (ಒಂದು ಸಲಕ್ಕೆ ಕೂಡಿಟ್ಟು ಕಳುಹಿಸುವ ಕಂತೆ) 48ರಲ್ಲಿ 5.3 ಮಿಲಿಸೆಕೆಂಡ್, 96ರಲ್ಲಿ 2.7. ಆದರೆ ಪ್ರೊಸೆಸರ್ ಮೇಲಿನ ಹೊರೆ ಎರಡರಷ್ಟಾಗಿ, ಹಳೆಯ ಲ್ಯಾಪ್‌ಟಾಪ್ ತಡವರಿಸಿದರೆ ಟಪ್ ಟಪ್ ಎಂಬ ಬಿರುಕುಗಳು ಬೀಳುತ್ತವೆ. 48ರಲ್ಲೇ ಬಫರ್ 128ಕ್ಕೆ ಇಳಿಸಿದರೂ ಅದೇ 2.7 ಸಿಗುತ್ತದೆ. 192ನ್ನು ಹಾಡಿಗೆ ಬಳಸುವುದಕ್ಕೆ ನನಗೆ ಒಂದು ಕಾರಣವೂ ಕಾಣುವುದಿಲ್ಲ. ಕೆಲವು ಆಂಪ್ಲಿಫೈಯರ್‌ಗಳಲ್ಲಿ ಕಿವಿಗೆ ಮೀರಿದ ಆವರ್ತನಗಳು ಒಂದಕ್ಕೊಂದು ಬೆರೆತು, ಕೇಳುವ ವ್ಯಾಪ್ತಿಯಲ್ಲಿ ಮೂಲದಲ್ಲಿಲ್ಲದ ಸದ್ದು ಹುಟ್ಟಿಸುವುದೂ ಉಂಟು.

ದರಕ್ಕಿಂತ ಹೆಚ್ಚು ಕೇಳಿಸುವುದು

16 ಬಿಟ್‌ನಲ್ಲಿ ಅತಿ ಸಣ್ಣ ಸದ್ದಿನಿಂದ ಅತಿ ದೊಡ್ಡದರವರೆಗೆ ಸುಮಾರು 96 ಡೆಸಿಬೆಲ್ ಅಂತರ ಸಿಗುತ್ತದೆ. 24 ಬಿಟ್‌ನಲ್ಲಿ ಲೆಕ್ಕದಲ್ಲಿ 144. ನಿಜವಾದ ಕಾರ್ಡುಗಳು ಅಷ್ಟು ತಲುಪದಿದ್ದರೂ ಒಳ್ಳೆಯವು 110 ದಾಟುತ್ತವೆ. ಇದರ ಉಪಯೋಗ ಧೈರ್ಯವಾಗಿ ಮಟ್ಟ ತಗ್ಗಿಸಿಡಲು. ತಾರಸ್ಥಾಯಿಯ ಪಂಚಮ ಹಿಡಿದಾಗಲೂ ಮೀಟರ್ ಮೈನಸ್ 12 ಡೆಸಿಬೆಲ್ ಸುತ್ತಮುತ್ತ (ಸೊನ್ನೆಯೇ ಮೇಲಿನ ಮಿತಿ) ಇರುವಂತೆ ನೋಡಿಕೊಳ್ಳಿ. ಸೊನ್ನೆ ಮುಟ್ಟಿ ಒಡೆದ ಧ್ವನಿಯನ್ನು ಯಾವ ದರವೂ ಉಳಿಸದು.

ಬೆಂಗಳೂರಿನ ಮನೆಯಲ್ಲಿ ಕೋಣೆಯ ಗದ್ದಲವೇ ದೊಡ್ಡ ಮಿತಿ. ನೀರಿನ ಟ್ಯಾಂಕರ್, ಮೇಲಿನ ಮನೆಯ ಗ್ರೈಂಡರ್, ಪಕ್ಕದ ಕಟ್ಟಡದ ಕೊರೆಯುವ ಯಂತ್ರ, ಫ್ಯಾನು, ಇವೆಲ್ಲ 48ರಲ್ಲೂ 192ರಲ್ಲೂ ಅಷ್ಟೇ ಸ್ಪಷ್ಟವಾಗಿ ಮುದ್ರಣವಾಗುತ್ತವೆ. ಹೊಸ ಇಂಟರ್‌ಫೇಸ್‌ಗೆ ಇಟ್ಟ ಹಣದಲ್ಲಿ ಒಂದು ಪಾಲನ್ನು ದಪ್ಪ ಪರದೆ, ಜಮಖಾನಗಳಿಗೆ ಕೊಡಿ. ಗಟ್ಟಿ ನೆಲ, ಬರಿಗೋಡೆಯ ಪ್ರತಿಧ್ವನಿ ತಗ್ಗುತ್ತದೆ. ಸ್ಪೆಕ್ಟ್ರೋಗ್ರಾಂನಲ್ಲಿ 50, 100, 150 ಹರ್ಟ್ಸ್‌ಗಳಲ್ಲಿ ಅಡ್ಡಗೆರೆಗಳು ಕಂಡರೆ ಅದು ಮನೆಯ ವಿದ್ಯುತ್ತಿನ ಗುಂಯ್‌ಗುಡುವಿಕೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ, ಅನೇಕ ಸಲ ಅಷ್ಟಕ್ಕೇ ಹೋಗುತ್ತದೆ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ನಡೆಯುತ್ತಿರುವಾಗ, ಅದು ಶುದ್ಧ ಸೈನ್ ಅಲೆಯ ಮಾದರಿಯಲ್ಲದಿದ್ದರೆ, ಮುದ್ರಿಸದಿರುವುದೇ ಲೇಸು.

ಎರಡು ಸಾಧನಗಳಲ್ಲಿ ಒಟ್ಟಿಗೆ ಮುದ್ರಿಸುವಾಗ

ಕ್ಯಾಮೆರಾದಲ್ಲಿ ಚಿತ್ರ, ಲ್ಯಾಪ್‌ಟಾಪಿನಲ್ಲಿ ಧ್ವನಿ ಎಂಬ ಏರ್ಪಾಡಿನಲ್ಲಿ ಎರಡೂ ಕಡೆ 48 ಇಟ್ಟರೂ ಅವುಗಳ ಗಡಿಯಾರಗಳು ಒಂದೇ ಆಗಿರುವುದಿಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ಎರಡು ಗಂಟೆಯಲ್ಲಿ 0.36 ಸೆಕೆಂಡ್ ಜಾರುತ್ತದೆ. 25 ಚೌಕಟ್ಟಿನ ವಿಡಿಯೊದಲ್ಲಿ ಅದು ಒಂಬತ್ತು ಚೌಕಟ್ಟು. ಮೃದಂಗದ ಪೆಟ್ಟು ಕೈಗಿಂತ ಬೇರೆಯಾಗಿ ಕೇಳಿಸಲು ಅಷ್ಟು ಸಾಕು. ಆರಂಭದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ ಗುರುತು ಮಾಡಿಕೊಳ್ಳಿ. ಸಂಕಲನದಲ್ಲಿ ಎರಡೂ ಗುರುತು ಕೂಡುವಂತೆ ಧ್ವನಿಯನ್ನು ಕೂದಲೆಳೆಯಷ್ಟು ಹಿಗ್ಗಿಸಿ ಅಥವಾ ಕುಗ್ಗಿಸಿ, ಇಲ್ಲವೇ ಹಾಡು ಹಾಡಿಗೆ ಬೇರೆಯಾಗಿ ಜೋಡಿಸಿ. ಒಂದೇ ಕಂಪ್ಯೂಟರಿಗೆ ಎರಡು ಯುಎಸ್‌ಬಿ ಮೈಕ್ ಸಿಕ್ಕಿಸಿದಾಗಲೂ ಇದೇ ಜಾರುವಿಕೆ ಇರುತ್ತದೆ. ಇಬ್ಬರ ಮಾತುಕತೆಗೆ ಎರಡು ಯುಎಸ್‌ಬಿ ಮೈಕ್‌ಗಿಂತ ಎರಡು ಇನ್‌ಪುಟ್ ಇರುವ ಒಂದು ಇಂಟರ್‌ಫೇಸ್ ಮೇಲು ಎನ್ನುವುದಕ್ಕೆ ಮುಖ್ಯ ಕಾರಣ ಇದೇ.

ಕೊನೆಯ ಹೆಜ್ಜೆ: ಒಮ್ಮೆ ಮಾತ್ರ ಪರಿವರ್ತನೆ

ಮುದ್ರಣ, ಸಂಕಲನ, ಮಿಶ್ರಣ ಎಲ್ಲವನ್ನೂ ಆರಂಭದ ದರದಲ್ಲೇ ಮುಗಿಸಿ. ಹೊರಗೆ ಕಳುಹಿಸುವ ಪ್ರತಿಯನ್ನು ತೆಗೆಯುವಾಗ ಮಾತ್ರ ದರ ಬದಲಿಸಿ. 48ರಿಂದ 44.1ಕ್ಕೆ ಇಳಿಸುವುದು ಹಿಂದಿನಂತೆ ಭಯಪಡುವ ಸಂಗತಿಯಲ್ಲ, ಈಗಿನ ತಂತ್ರಾಂಶಗಳಲ್ಲಿ ಉತ್ತಮ ಗುಣಮಟ್ಟದ ಆಯ್ಕೆ ಇಟ್ಟರೆ ವ್ಯತ್ಯಾಸ ಕಿವಿಗೆ ಸಿಗದು. ಸಿ.ಡಿ.ಗಾಗಿ 44.1ರ ಎರಡರಷ್ಟಾದ 88.2 ಹುಡುಕಿಕೊಂಡು ಹೋಗುವ ಅಗತ್ಯವೂ ಇದರಿಂದ ಇಲ್ಲವಾಗಿದೆ. 44.1ರಲ್ಲಿ ಮುದ್ರಿಸಿದ್ದನ್ನು 96ಕ್ಕೆ ಏರಿಸಿ ಸಂಗ್ರಹಿಸುವುದರಲ್ಲಿ ಅರ್ಥವಿಲ್ಲ, ಖಾಲಿ ಜಾಗಕ್ಕೆ ಡಿಸ್ಕ್ ತುಂಬುತ್ತದೆ ಅಷ್ಟೇ. 24ರಿಂದ 16 ಬಿಟ್‌ಗೆ ಇಳಿಸುವಾಗ ಡಿದರ್ (ಅತಿ ಸಣ್ಣ ಗದ್ದಲವನ್ನು ಬೆರೆಸುವುದು) ಎಂಬ ಆಯ್ಕೆ ಚಾಲೂ ಇರಲಿ. ತಂಬೂರಿಯ ನಾದ ಕೊನೆಗೆ ಕರಗುವಾಗ ಒರಟಾಗದಂತೆ ಅದು ಕಾಯುತ್ತದೆ. ಎಂಪಿ3 ಮಾಡುವುದಾದರೆ ಆ ಬಗೆಯ ಕಡತದ ಗರಿಷ್ಠ ದರ 48 ಎಂಬುದು ನೆನಪಿರಲಿ.

ಮೂಲ ಕಡತವನ್ನು ಅಳಿಸದೆ ಎರಡು ಬೇರೆ ಡಿಸ್ಕ್‌ಗಳಲ್ಲಿ ಇಡಿ. ಹೆಸರಿನಲ್ಲೇ ದಿನಾಂಕ, ವಿಷಯ, ದರ, ಬಿಟ್ ಬರೆಯಿರಿ: ‘2025-04-06 ರಾಮನವಮಿ ಕಚೇರಿ 48-24’ ಎಂಬಂತೆ. ಹತ್ತು ವರ್ಷದ ಬಳಿಕ ಆ ಕಡತ ತೆರೆಯುವವರಿಗೆ ಶ್ರುತಿ ಸರಿಯಾಗಿದೆಯೇ ಎಂದು ಊಹಿಸುವ ಕೆಲಸ ಇರುವುದಿಲ್ಲ.